ಹಳೇ ಗಾಡಿಯ ತುಕ್ಕು ಹಿಡಿದ ಪತ್ರಾ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನಾವಿರೋದು ಗೋವಾದ ವಾಸ್ಕೊದ ಬೈನಾದಲ್ಲಿ, ಕಡಲ ಪಕ್ಕ. ನಮ್ಮ ಹಳೇ ಟಾಟಾ 407ರ ಬಾಗಿಲುಗಳ ಕೆಳಭಾಗ ತಿಂದುಹೋಗಿದೆ, ಡ್ರೈವರ್ ಕಾಲಡಿ ರಸ್ತೆ ಕಾಣಿಸುತ್ತೆ. ಗ್ಯಾರೇಜಿನಲ್ಲಿ ಪುಟ್ಟಿ ಹಾಕಿಸಿದರೆ ಒಂದು ಮಳೆಗಾಲಕ್ಕೇ ಮತ್ತೆ ಗುಳ್ಳೆ ಏಳುತ್ತೆ. ತಮ್ಮನಿಗೆ ವೆಲ್ಡಿಂಗ್ ಬರುತ್ತೆ. ಮನೆ ಮುಂದೆಯೇ ಮಾಡಿಕೊಳ್ಳಬಹುದಾ?

ಉತ್ತರ: ಬಾಗಿಲು ಧಾರಾಳವಾಗಿ ಮಾಡಿಕೊಳ್ಳಿ. ನೆಲದ ಪತ್ರಾ, ತಮ್ಮನ ಕೈ ತೆಳು ತಗಡಿನಲ್ಲಿ ಪಳಗಿದ್ದರೆ ಮಾತ್ರ. ಗೇಟು, ಗ್ರಿಲ್ ಮಾಡಿದ ಅನುಭವ ಇಲ್ಲಿ ಸಾಲದು. ಚಾಸಿ, ಕ್ಯಾಬಿನ್ ಕೂರುವ ಮೌಂಟಿಂಗ್, ಬಾಗಿಲು ತೂಗುವ ಕಂಬ ಇವಕ್ಕೆ ತುಕ್ಕು ಇಳಿದಿದ್ದರೆ ಬಾಡಿ ಕಟ್ಟುವವರಿಗೇ ಬಿಡಿ. ಎಲ್ಲಿವರೆಗೆ ಇಳಿದಿದೆ ಅಂತ ಮೊದಲು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಅಯಸ್ಕಾಂತ ಅಂಟದ ಕಡೆ ಇರೋದು ಪತ್ರಾ ಅಲ್ಲ, ಹಳೇ ಪುಟ್ಟಿ.

ಗುಳ್ಳೆ ಮರಳಿ ಏಳೋದಕ್ಕೆ ಕಾರಣ ಬಾಗಿಲಿನ ಒಳಗಿದೆ. ಗಾಜಿನ ಸಂದಿಯಲ್ಲಿ ಇಳಿದ ನೀರು ತಳದ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಧೂಳು ಕಟ್ಟಿ ಅವು ಮುಚ್ಚಿದರೆ ನೀರು ಅಲ್ಲೇ ನಿಂತು ಒಳಗಿಂದ ತಿನ್ನುತ್ತದೆ. ಕಡಲ ಗಾಳಿಯ ಉಪ್ಪು ಆ ಕೆಲಸಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಪುಟ್ಟಿಯೂ ತೇವ ಹೀರುತ್ತದೆ. ಹಾಗಾಗಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿಸಿ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆಯೇ.

ತಳ ಪೂರ್ತಿ ಹೋಗಿದ್ದರೆ ಹಳೇ ಬಾಗಿಲಿಗೆ ತೇಪೆ ಹಾಕುತ್ತಾ ಕೂರಬೇಡಿ. ಗುಜರಿಯಿಂದ ಇಡೀ ಬಾಗಿಲೇ ತಂದು ಬೋಲ್ಟ್ ಬಿಗಿಯಿರಿ. ಅದೂ ಕರಾವಳಿಯ ಗಾಡಿಯದ್ದು ಬೇಡ. ಊರಿಗೆ ಹೋದಾಗ ವಿಜಯಪುರ, ಬಾಗಲಕೋಟೆ ಕಡೆ ವಿಚಾರಿಸಿ. ಒಣ ಸೀಮೆಯಲ್ಲಿ ಓಡಿದ ಗಾಡಿಯ ಪತ್ರಾ ಗಟ್ಟಿ ಉಳಿದಿರುತ್ತದೆ.

ನೆಲಕ್ಕೆ ಬಂದರೆ, ಹೊಳೆಯುವ ಕಬ್ಬಿಣ ಸಿಗುವವರೆಗೂ ಕತ್ತರಿಸಲೇಬೇಕು. ತೂತು ಅಂಗೈಯಷ್ಟಿದ್ದದ್ದು ಮೊಳದಷ್ಟಾದರೂ ಎದೆಗುಂದಬೇಡಿ. ಒಂದು ಮಿಲಿಮೀಟರಿನ ಆಸುಪಾಸಿನ ಪತ್ರಾಕ್ಕೆ ಕಡ್ಡಿ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತೆ. ಗ್ಯಾಸ್ ಬಿಟ್ಟು ತೆಳು ತಂತಿಯಿಂದ ಬೆಸೆಯುವ ಸಿಒಟು (CO2) ಮಷಿನ್ ಬಾಡಿಗೆಗೆ ತನ್ನಿ. ಒಂದೇ ಸಮನೆ ಎಳೆದರೆ ಪತ್ರಾ ಸೊಟ್ಟಗಾಗುತ್ತೆ. ಇಲ್ಲೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು. ಸತು ಲೇಪಿಸಿದ ಜಿಐ ಶೀಟಾದರೆ ಅಂಚಿನ ಸತು ಉಜ್ಜಿ ತೆಗೆದು, ಬಯಲಿನಲ್ಲೇ ವೆಲ್ಡ್ ಮಾಡಿ, ಹೊಗೆ ಕುಡಿದರೆ ಜ್ವರ ಬರುತ್ತೆ. ಕಿಡಿ ಹಾರುವ ಮುಂಚೆ ಬ್ಯಾಟರಿ ಬಿಚ್ಚಿ, ಮ್ಯಾಟ್ ತೆಗೆದು, ಕೆಳಗಿನ ವೈರು, ಡೀಸೆಲ್ ಪೈಪು, ಬ್ರೇಕ್ ಪೈಪು ಎಲ್ಲಿವೆ ನೋಡಿಕೊಳ್ಳಿ. ಅಗ್ನಿಶಾಮಕ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲಿರಲಿ.

ಕೆಲಸ ಮಳೆ ಪೂರ್ತಿ ಹೋದ ಮೇಲೆ ಇಟ್ಟುಕೊಳ್ಳಿ. ಬರೀ ಕಬ್ಬಿಣವನ್ನು ರಾತ್ರಿ ಹಾಗೇ ಬಿಟ್ಟರೆ ಬೈನಾದ ಗಾಳಿಗೆ ಬೆಳಗ್ಗೆಯೇ ಕೆಂಪಾಗಿರುತ್ತದೆ. ಅದೇ ದಿನ ಮೇಲೂ ಕೆಳಗೂ ಎಪಾಕ್ಸಿ ಪ್ರೈಮರ್, ಜೋಡಣೆಗೆ ಸೀಲರ್. ಬಾಗಿಲಿನ ಒಳಕ್ಕೆ ಮೇಣದ ಸ್ಪ್ರೇ ಹೊಡೆಯಿರಿ, ತಳದ ತೂತು ಮಾತ್ರ ಮುಚ್ಚಬೇಡಿ.

ಬಣ್ಣ ಹಳೆಯದೇ ಇರಲಿ, ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕಾಗುತ್ತದೆ. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷವರ್ಷವೂ ಫಿಟ್‌ನೆಸ್ ಪರೀಕ್ಷೆ ಇದ್ದೇ ಇದೆ. ಗ್ರೈಂಡರ್ ಹಿಡಿದ ಹುರುಪಿನಲ್ಲಿ ಚಾಸಿ ನಂಬರಿನ ಹತ್ತಿರ ಮಾತ್ರ ಹೋಗಬೇಡಿ.