ನಾಲ್ಕು ಸ್ಕ್ರೂ, ಒಂದು ತುಂಡು ಫೆಲ್ಟ್: ಪ್ಲೇನಾರ್ ಹೆಡ್‌ಫೋನ್ ಸತ್ತು ಬದುಕಿದ ಕಥೆ

ಜಪಾನಿನ ಫೋಸ್ಟೆಕ್ಸ್ ಕಂಪನಿಯ ಟಿ50ಆರ್‌ಪಿ ಅನ್ನೋ ಪ್ಲೇನಾರ್ ಹೆಡ್‌ಫೋನಿನ ಪ್ಯಾಡ್ ಎಳೆದು ತೆಗೆದ್ರೆ ಕೆಳಗೆ ನಾಲ್ಕು ಸ್ಕ್ರೂ ಕಾಣುತ್ತೆ. ಬಿಚ್ಚಿ ಎತ್ತಿದ್ರೆ ಒಳಗೆ ಏನೋ ದೊಡ್ಡ ಯಂತ್ರ ಇರುತ್ತೆ ಅಂದ್ಕೊಂಡಿದ್ದೆ, ಇದ್ದಿದ್ದು ಒಂದು ಪ್ಲಾಸ್ಟಿಕ್ ಡಬ್ಬಿ, ಸ್ವಲ್ಪ ಹತ್ತಿ ಥರದ್ದು, ಮಧ್ಯೆ ಸದ್ದು ಹುಟ್ಟಿಸೋ ಚೌಕಾಕಾರದ ಭಾಗ, ಅಂದ್ರೆ ಡ್ರೈವರ್, ಅದರ ಬೆನ್ನಿಗೆ ಅಂಟಿಸಿರೋ ಬಿಳಿ ಹಾಳೆ. ಅಷ್ಟೇನಾ ಅನ್ನಿಸ್ತು. ಆದ್ರೆ ಆ ಬಿಳಿ ಹಾಳೆ ಮೇಲೆ ಎಷ್ಟು ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಹಾಕಬೇಕು, ಆ ಡಬ್ಬಿಗೆ ಏನು ಮೆತ್ತಬೇಕು, ಯಾವ ತೂತು ಮುಚ್ಚಬೇಕು ಅನ್ನೋದರ ಮೇಲೆ ಪ್ರಪಂಚದ ಮೂಲೆ ಮೂಲೆಯಲ್ಲಿ ಜನ ವರ್ಷಗಟ್ಲೆ ತಲೆ ಕೆಡಿಸ್ಕೊಂಡಿದಾರೆ, ಈಗ ಲಕ್ಷಗಟ್ಲೆ ಕೊಟ್ಟು ತಗೊಳ್ಳೋ ಪ್ಲೇನಾರ್‌ಗಳಲ್ಲಿ ಕೆಲವಂತೂ ನೇರವಾಗಿ ಆ ಹುಚ್ಚಿನಿಂದಲೇ ಹುಟ್ಟಿದ್ದು.

ಮೊದಲು ಪ್ಲೇನಾರ್ ಕೆಲಸ ಮಾಡೋ ರೀತಿ ಹೇಳಿಬಿಡ್ತೀನಿ. ಮಾಮೂಲಿ ಹೆಡ್‌ಫೋನಲ್ಲಿ ಒಂದು ಸಣ್ಣ ಕೋನ್, ಅದರ ಬುಡಕ್ಕೆ ತಂತಿ ಸುತ್ತಿದ ಕಾಯಿಲ್, ಕಾಯಿಲ್ ತಳ್ಳಿದ್ರೆ ಕೋನ್ ಅಲುಗಾಡುತ್ತೆ. ಪ್ಲೇನಾರ್‌ನಲ್ಲಿ ಕೋನ್ ಇಲ್ಲ. ತಲೆಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಫಿಲ್ಮ್, ಅದರ ಮೇಲೇ ಲೋಹದ ಗೆರೆ ಹರಡಿರುತ್ತೆ, ಹಿಂದೆ ಮುಂದೆ ಮ್ಯಾಗ್ನೆಟ್. ಕರೆಂಟ್ ಹರಿದಾಗ ಫಿಲ್ಮ್ ಹೆಚ್ಚುಕಮ್ಮಿ ಪೂರ್ತಿಯಾಗಿ ಒಟ್ಟಿಗೆ ಅಲುಗಾಡುತ್ತೆ, ಒಂದು ಕಡೆ ತಳ್ಳಿಸ್ಕೊಂಡು ಉಳಿದ ಭಾಗ ಹಿಂದೆ ಬರೋ ಥರ ಅಲ್ಲ. ಅದಕ್ಕೇ ಡಿಸ್ಟಾರ್ಷನ್ (ದನಿ ಕೆಡೋದು) ಕಮ್ಮಿ, ಬೇಸ್ ಆಳದ ತನಕ ಇಳಿಯುತ್ತೆ.

ಹೆಸರಿನ ಗೊಂದಲ ಒಂದಿದೆ. 1970ರ ದಶಕದಲ್ಲಿ ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿತ್ತು. ಇಂಗ್ಲೆಂಡಿನ ವಾರ್ಫ್‌ಡೇಲ್ ಕಂಪನಿ ಐಸೋಡೈನಾಮಿಕ್ ಅಂತು, ಜಪಾನಿನ ಯಮಹಾ ಆರ್ಥೋಡೈನಾಮಿಕ್ ಅಂತು, ಫೋಸ್ಟೆಕ್ಸ್ ರೆಗ್ಯುಲರ್ ಫೇಸ್ ಅಂತು, ಟಿ50ಆರ್‌ಪಿ ಹೆಸರಲ್ಲಿರೋ ಆರ್‌ಪಿ ಅದೇ. ಸೋವಿಯತ್ ಒಕ್ಕೂಟದಲ್ಲೂ ಆಮ್ಫಿಟಾನ್ ಟಿಡಿಎಸ್-7 ಅಂತ ಒಂದು ಬಂತು, ಅದೂ ಇದೇ ಜಾತಿ. ಹಳೇದನ್ನ ಹುಡುಕಿ ಹುಡುಕಿ ಕೊಳ್ಳೋರು ಇವತ್ತಿಗೂ ಎಲ್ಲಾ ಸೇರಿಸಿ 'ಆರ್ಥೋ' ಅಂತಲೇ ಕರೀತಾರೆ.

ಆ ಕಾಲದ ರಾಜ ಅಂದ್ರೆ ಯಮಹಾ ಎಚ್‌ಪಿ-1, 1976ರದ್ದು. ಅದರ ರೂಪ ಬಿಡಿಸಿದ್ದು ಇಟಲಿಯ ಮಾರಿಯೋ ಬೆಲ್ಲಿನಿ, ಒಲಿವೆಟ್ಟಿ ಕಂಪನಿಗೆ ಯಂತ್ರಗಳನ್ನ ಡಿಸೈನ್ ಮಾಡಿದವರು. ಗೆಳೆಯನೊಬ್ಬನ ಮನೇಲಿ ಅವರ ದೊಡ್ಡಪ್ಪ ಎಂದೋ ಹೊರದೇಶದಿಂದ ತಂದಿದ್ದ ಒಂದು ಎಚ್‌ಪಿ-1 ಅಟ್ಟದ ಮೇಲೆ ಬಿದ್ದಿತ್ತು, ಕೈಗೆ ತಗೊಂಡ್ರೆ ಮೊದಲು ಅನ್ನಿಸೋದು ಇದು ಐವತ್ತು ವರ್ಷದ ಹಿಂದಿಂದಾ ಅಂತ, ಅಷ್ಟು ಸರಳ, ತಲೆ ಮೇಲೆ ಕೂರೋ ಪಟ್ಟಿ ಬೇರೆ, ಮೇಲಿನ ಕಮಾನು ಬೇರೆ, ಈಗಿನ ಎಷ್ಟೋ ದುಬಾರಿ ಹೆಡ್‌ಫೋನ್‌ಗಳಲ್ಲಿ ಅದೇ ಉಪಾಯ ಇದೆ. ಆದ್ರೆ ಒಳಗಿನ ಫೋಮ್ ಮುಟ್ಟಿದ ತಕ್ಷಣ ಕಪ್ಪಗೆ ಪುಡಿಪುಡಿ ಆಯ್ತು, ಬೆರಳೆಲ್ಲಾ ಮಸಿ, ಕಿವಿಗೆ ಹಾಕಿ ತೆಗೆದ ಗೆಳೆಯನ ಕೆನ್ನೆ ನೋಡಿ ಅವರಮ್ಮ ಬಿದ್ದುಬಿದ್ದು ನಕ್ಕರು. ಹಳೇ ಆರ್ಥೋ ತಗೊಳ್ಳೋರಿಗೆ ಇದು ಮೊದಲ ದೀಕ್ಷೆ.

ಇಷ್ಟು ಚೆನ್ನಾಗಿದ್ದ ವಸ್ತು ಯಾಕೆ ಮಾಯ ಆಯ್ತು?

ಒಂದು ಕಾರಣ ಮ್ಯಾಗ್ನೆಟ್. ಆಗ ಕೈಗೆಟುಕೋ ಬೆಲೆಗೆ ಸಿಗ್ತಿದ್ದಿದ್ದು ಫೆರೈಟ್, ಶಕ್ತಿ ಕಮ್ಮಿ ತೂಕ ಜಾಸ್ತಿ. ಪ್ಲೇನಾರ್‌ಗೆ ಫಿಲ್ಮಿನ ಅಗಲಕ್ಕೂ ಮ್ಯಾಗ್ನೆಟ್ ಬೇಕು, ಅದೂ ಎರಡೂ ಕಡೆ. ಹಾಗಾಗಿ ಹೆಡ್‌ಫೋನ್ ಭಾರ, ಸದ್ದು ಸಣ್ಣದು, ಜೋರು ಕೇಳಬೇಕಂದ್ರೆ ಮನೆಯ ದೊಡ್ಡ ಆಂಪ್ (ಆಂಪ್ಲಿಫೈಯರ್) ಬೇಕು. 70ರ ದಶಕದಲ್ಲಿ ಅದೇನೂ ತೊಂದರೆ ಇರಲಿಲ್ಲ, ಹೆಡ್‌ಫೋನ್ ಇಟ್ಕೊಂಡವರ ಮನೇಲೆಲ್ಲಾ ಮೇಜಿನ ಮೇಲೆ ಆಂಪ್, ರೇಡಿಯೋ ಎರಡೂ ಒಂದರಲ್ಲೇ ಇರೋ ರಿಸೀವರ್ ಇರ್ತಿತ್ತು. 1979ರಲ್ಲಿ ಸೋನಿ ವಾಕ್‌ಮನ್ ಬಂತು ನೋಡಿ, ಜೊತೆಗೆ 50 ಗ್ರಾಂ ಆಸುಪಾಸಿನ ಪುಟಾಣಿ ಹೆಡ್‌ಫೋನ್ ಕೊಟ್ಟರು, ಎರಡು ಪೆನ್ಸಿಲ್ ಸೆಲ್‌ನಲ್ಲಿ ಓಡುತ್ತೆ, ಜೇಬಲ್ಲಿ ಹಾಕ್ಕೊಂಡು ರೋಡಲ್ಲಿ ಓಡಾಡಬಹುದು. ಅಲ್ಲಿಗೆ ಮುಗೀತು. ಸೆಲ್‌ನಲ್ಲಿ ಓಡೋ ಪುಟ್ಟ ಆಂಪಿಗೆ ಪ್ಲೇನಾರ್ ಎಳೆಯೋ ತಾಕತ್ತು ಎಲ್ಲಿಂದ ಬರಬೇಕು. 80ರ ದಶಕ ಮುಗಿಯೋ ಹೊತ್ತಿಗೆ ಯಮಹಾ ಈ ದಾರಿ ಬಿಟ್ಟಿತ್ತು, ವಾರ್ಫ್‌ಡೇಲ್ ಯಾವಾಗಲೋ ಬಿಟ್ಟಿತ್ತು. ಅಳಿದೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ಫೋಸ್ಟೆಕ್ಸ್ ಒಂದೇ ಸ್ಟುಡಿಯೋದವರಿಗೋಸ್ಕರ ಟಿ20, ಟಿ50 ಅಂತ ಮಾಡ್ತಾ ಉಳ್ಕೊಂಡ್ತು, ಅದೂ ಕಡಿಮೆ ಬೆಲೆಗೆ.

ಈ ಕಡಿಮೆ ಬೆಲೆ ಅನ್ನೋದೇ ಆಮೇಲೆ ಎಲ್ಲಾ ಅವಾಂತರಕ್ಕೂ ಕಾರಣ. 2000ದ ದಶಕದಲ್ಲಿ ಹಳೇ ಯಮಹಾಗಳನ್ನ ಗುಜರಿ ಬೆಲೆಗೆ ಹುಡುಕಿ ತಂದು ಬಿಚ್ಚೋ ಹವ್ಯಾಸಿಗಳ ಒಂದು ಗುಂಪು ಹುಟ್ಕೊಳ್ತು. ಹಳೇದು ಸಿಗದವರಿಗೆ ಟಿ50ಆರ್‌ಪಿ ಇತ್ತು, ಹೊಸದು, ಅಗ್ಗ, ಹಾಳಾದ್ರೂ ಎದೆ ಒಡೆಯಲ್ಲ. ಇವರೆಲ್ಲಾ ಕಂಡುಕೊಂಡ ಸತ್ಯ ಒಂದೇ, ಡ್ರೈವರ್ ಚೆನ್ನಾಗಿದೆ, ಆದ್ರೆ ಅದರ ಸುತ್ತ ಇರೋ ಗಾಳಿಯನ್ನ ಯಾರೂ ಸರಿಯಾಗಿ ಪಳಗಿಸಿಲ್ಲ.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷ್ಯ. ಮಾಮೂಲಿ ಡ್ರೈವರ್‌ನಲ್ಲಿ ಬಲವಾದ ಮ್ಯಾಗ್ನೆಟ್ ಮಧ್ಯೆ ಕಾಯಿಲ್ ಅಲುಗಾಡಿದಾಗ ಅದೂ ಒಂದು ಸೈಕಲ್ ಡೈನಮೋ ಥರ ಆಗಿ ಕರೆಂಟ್ ಹುಟ್ಟಿಸುತ್ತೆ, ಆ ಕರೆಂಟು ಆಂಪ್ ಮೂಲಕ ಸುತ್ತಿ ಬಂದು ಕೋನಿಗೇ ಬ್ರೇಕ್ ಹಾಕುತ್ತೆ. ಪ್ಲೇನಾರ್‌ನಲ್ಲಿ ಈ ಬ್ರೇಕು ತೀರಾ ವೀಕ್. ಹಾಗಾಗಿ ಫಿಲ್ಮಿಗೆ ತನ್ನದೇ ಆದ ಒಂದು ಶ್ರುತಿ ಇರುತ್ತಲ್ಲ, ಅಲ್ಲಿ ಅದು ಬೇಕಾಬಿಟ್ಟಿ ಮೊಳಗುತ್ತೆ. ತಮಟೆ ಬಾರಿಸಿ ತೊಗಲ ಮೇಲೆ ಅಂಗೈ ಇಟ್ರೆ ಸದ್ದು ನಿಲ್ಲುತ್ತಲ್ವಾ, ಇಲ್ಲೂ ಅಂಥದೊಂದು ಕೈ ಬೇಕು, ಆದ್ರೆ ಫಿಲ್ಮ್ ಮುಟ್ಟೋ ಹಾಗಿಲ್ಲ, ಅದಕ್ಕೆ ಗಾಳಿಯನ್ನೇ ಕೈ ಮಾಡ್ಕೋಬೇಕು. ಡ್ರೈವರ್ ಬೆನ್ನಿನ ತೂತುಗಳ ಮೇಲೆ ಫೆಲ್ಟ್ ಅಥವಾ ಒತ್ತಾದ ಕಾಗದ ಅಂಟಿಸಿದ್ರೆ ಗಾಳಿ ಸಲೀಸಾಗಿ ಓಡಾಡಲ್ಲ, ಫಿಲ್ಮ್ ಹಿಡಿತಕ್ಕೆ ಬರುತ್ತೆ. ಕಮ್ಮಿ ಹಾಕಿದ್ರೆ ಮಧ್ಯದಲ್ಲಿ ಗುಡ್ಡ ಎದ್ದಹಾಗೆ ಕೇಳುತ್ತೆ, ಜಾಸ್ತಿ ಹಾಕಿದ್ರೆ ಬೇಸ್ ಒಣಗಿ ಸಪ್ಪೆ ಆಗುತ್ತೆ.

ಇದೇ ಗುಣದ ಇನ್ನೊಂದು ಮುಖ ಏನಂದ್ರೆ ಪ್ಲೇನಾರ್‌ನ ಇಂಪಿಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಹೆಚ್ಚುಕಮ್ಮಿ ಒಂದೇ, ಬರೀ ಒಂದು ರೆಸಿಸ್ಟರ್ ಇದ್ದಹಾಗೆ. ಹಾಗಾಗಿ ಹಳೇ ರಿಸೀವರ್‌ಗೆ ಚುಚ್ಚಿದ್ರೂ ದನಿಯ ಹದ ಬದಲಾಗಲ್ಲ. 'ಈ ಆಂಪಿಗೆ ಹಾಕಿದ್ರೆ ಬೇಸ್ ಬೆಚ್ಚಗಿದೆ, ಆ ಆಂಪಿಗೆ ತಣ್ಣಗಿದೆ' ಅಂತ ಪ್ಲೇನಾರ್ ಬಗ್ಗೆ ಪುಟಗಟ್ಲೆ ಬರೆಯೋರನ್ನ ನಾನಂತೂ ಅಷ್ಟು ನಂಬಲ್ಲ, ವಾಲ್ಯೂಮ್ ಸಾಲ್ತಾ ಇದೆಯಾ ಇಲ್ವಾ ಅದೊಂದು ನೋಡಿ ಸಾಕು.

ನನ್ನ ಟಿ50ಆರ್‌ಪಿ ಮೇಲೆ ನಾನು ಮಾಡಿದ್ದು ಹೀಗೆ. ಡಬ್ಬಿಯ ಒಳಗೋಡೆಗೆ ಮಕ್ಕಳ ಆಟದ ಜೇಡಿ ಮೆತ್ತಿದೆ, ಪ್ಲಾಸ್ಟಿಕ್ ಬೆರಳಲ್ಲಿ ಬಡಿದ್ರೆ ಟಕ್ ಅಂತಿದ್ದಿದ್ದು ಈಗ ದಬ್ ಅನ್ನುತ್ತೆ. ಅದರ ಮೇಲೆ ಹತ್ತಿ, ಚಳಿಗಾಲದ ರಜಾಯಿಯಿಂದ ಕದ್ದಿದ್ದು. ಡ್ರೈವರ್ ಬೆನ್ನಿಗೆ ಒಂದು ಪದರ ಫೆಲ್ಟ್. ಕೊನೆಗೆ ದಪ್ಪ ಪ್ಯಾಡ್. ಹಾಕ್ಕೊಂಡು ತಂಬೂರಿ ಕೇಳಿದ್ರೆ ಒಂದೊಂದು ತಂತಿನೂ ಬಿಡಿಬಿಡಿಯಾಗಿದೆ, ಖುಷಿ ಆಯ್ತು, ಮೃದಂಗ ಹಾಕಿದೆ, ಬಲಗೈ ಛಾಪು ಸರಿ ಇದೆ, ಎಡಗಡೆ ತೊಪ್ಪಿಯ ದಪ್ಪ ದನಿ, ಗುಮುಕಿ ಮಾತ್ರ ಮಾಯ! ಒಂದು ಗಂಟೆ ತಲೆ ಕೆರ್ಕೊಂಡು ನೋಡಿದ್ರೆ ಬಲಗಡೆ ಪ್ಯಾಡಿನ ಅಂಚು ಒಂದು ಕಡೆ ಸರಿಯಾಗಿ ಕೂತಿಲ್ಲ, ಅಕ್ಕಿಕಾಳು ತೂರೋಷ್ಟು ಸಂದಿ. ಅಷ್ಟು ಸಂದಿಯಲ್ಲಿ ಬೇಸ್ ಎಲ್ಲಾ ಸೋರಿ ಹೋಗಿತ್ತು. ಫೆಲ್ಟಿನದ್ದೇ ತಪ್ಪು ಅಂತ ಅಷ್ಟರಲ್ಲಿ ಎರಡು ಸಲ ಕಿತ್ತು ಅಂಟಿಸಿ ಆಗಿತ್ತು ಬೇರೆ. ಕನ್ನಡಕ ಹಾಕೋರು ಪ್ಲೇನಾರ್‌ಗೆ ಬೇಸ್ ಇಲ್ಲ ಅಂತ ಬೈಯೋದೂ ಎಷ್ಟೋ ಸಲ ಇದಕ್ಕೇ, ಕನ್ನಡಕದ ಕಡ್ಡಿ ಪ್ಯಾಡನ್ನ ಎತ್ತಿರುತ್ತೆ.

ಇಂಥ ಕೆಲಸದಲ್ಲಿ ಕೆಲವರು ಕೈ ಪಳಗಿಸ್ಕೊಂಡು ಮಾರೋಕೆ ಶುರು ಮಾಡಿದ್ರು. ಅಮೆರಿಕದ ಡ್ಯಾನ್ ಕ್ಲಾರ್ಕ್ ಟಿ50ಆರ್‌ಪಿಯನ್ನ ರಿಪೇರಿ ಮಾಡಿದ್ರು ಅನ್ನೋದಕ್ಕಿಂತ ಮರುಜನ್ಮ ಕೊಟ್ರು ಅನ್ನಬಹುದು, ಮಿಸ್ಟರ್ ಸ್ಪೀಕರ್ಸ್ ಅನ್ನೋ ಹೆಸರಲ್ಲಿ ಮ್ಯಾಡ್ ಡಾಗ್, ಆಮೇಲೆ 2013ರಲ್ಲಿ ಆಲ್ಫಾ ಡಾಗ್, ಅದರ ಕಪ್ (ಕಿವಿ ಮುಚ್ಚೋ ಡಬ್ಬಿ) 3ಡಿ ಪ್ರಿಂಟರಲ್ಲಿ ಮಾಡಿದ್ರು, ಡ್ರೈವರ್ ಮಾತ್ರ ಅದೇ ಫೋಸ್ಟೆಕ್ಸ್. 2015ರಲ್ಲಿ ಈಥರ್ ಬಂದಾಗ ಸ್ವಂತ ಡ್ರೈವರ್. ಈಗ ಕಂಪನಿ ಹೆಸರೇ ಡ್ಯಾನ್ ಕ್ಲಾರ್ಕ್ ಆಡಿಯೋ. ಶಿಕಾಗೋ ಕಡೆಯ ಜೆಡ್‌ಎಂಎಫ್ ಅನ್ನೋ ಕಂಪನಿ ಕೂಡ ಶುರುವಾಗಿದ್ದು ಟಿ50ಆರ್‌ಪಿಯನ್ನ ಬಿಚ್ಚಿ ಕಟ್ಟೋದ್ರಿಂದ. ಫೋಸ್ಟೆಕ್ಸ್‌ಗೆ ಆ ದಿನಗಳಲ್ಲಿ ಸ್ಟುಡಿಯೋಗಿಂತ ಬಿಚ್ಚಿ ಕಟ್ಟೋರ ಗಿರಾಕಿಯೇ ಜಾಸ್ತಿ ಇತ್ತೋ ಏನೋ ಅಂತ ನನಗೊಂದು ತಮಾಷೆಯ ಅನುಮಾನ.

ಇನ್ನೊಂದು ಕಡೆಯಿಂದ ಪ್ಲೇನಾರ್ ವಾಪಸ್ ಬಂದಿದ್ದು ಹೊಸ ಮ್ಯಾಗ್ನೆಟ್ ಜೊತೆ. ನಿಯೋಡಿಮಿಯಮ್ ಮ್ಯಾಗ್ನೆಟ್ 1980ರ ದಶಕದ ಮೊದಲರ್ಧದಲ್ಲಿ ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿತು, ಫೆರೈಟಿಗಿಂತ ಎಷ್ಟೋ ಪಟ್ಟು ಬಲ. ಅಗ್ಗ ಆಗೋಕೆ ಟೈಮ್ ಹಿಡೀತು ಅಷ್ಟೇ. 2009ರಲ್ಲಿ ಹೈಫೈಮನ್ ಕಂಪನಿಯ ಎಚ್‌ಇ-5, ಅದರ ಹಿಂದೆಮುಂದೆಯೇ ಕ್ಯಾಲಿಫೋರ್ನಿಯಾದ ಆಡಿಝಿ ಕಂಪನಿಯ ಎಲ್‌ಸಿಡಿ-2 ಬಂದವು. ಆಡಿಝಿ ಕಟ್ಟಿದವರಲ್ಲಿ ಒಬ್ಬರು ಶಂಕರ್ ತ್ಯಾಗಸಮುದ್ರಂ, ಆ ಕಂಪನಿಯನ್ನ 2023ರಲ್ಲಿ ಸೋನಿಯ ಪ್ಲೇಸ್ಟೇಷನ್ ವಿಭಾಗ ಕೊಂಡ್ಕೊಳ್ತು. ವಾಕ್‌ಮನ್ ಮಾಡಿ ಪ್ಲೇನಾರ್‌ನ ಮನೆಗೆ ಕಳಿಸಿದ ಸೋನಿನೇ ಕೊನೆಗೆ ಪ್ಲೇನಾರ್ ಕಂಪನಿ ತಗೊಳ್ತು ನೋಡಿ.

ಬಲ ಬಂದ್ರೂ ಭಾರ ಹೋಗಲಿಲ್ಲ, ಎಲ್‌ಸಿಡಿ ಸರಣಿಯವು ಅರ್ಧ ಕೇಜಿ ಆಸುಪಾಸು, ಕೆಲವು ಅದಕ್ಕೂ ಮೇಲೆ, ಎರಡು ಗಂಟೆ ಆದ್ಮೇಲೆ ಕತ್ತು ಲೆಕ್ಕ ಕೇಳುತ್ತೆ. ಹೈಫೈಮನ್ ಎಚ್‌ಇ-6 ಅಂತೂ ಇನ್ನೊಂದು ಕಥೆ, 1 ಮಿಲಿವ್ಯಾಟಿಗೆ 83.5 ಡೆಸಿಬೆಲ್ ಮಾತ್ರ. ಮೊಬೈಲಿಗೆ ಚುಚ್ಚಿದ್ರೆ ಪಕ್ಕದ ಮನೆ ರೇಡಿಯೋ ಕೇಳ್ದಂಗೆ ಇರುತ್ತೆ. ಜನ ಅದನ್ನ ಸೀದಾ ಸ್ಪೀಕರ್ ಆಂಪಿನ ಹಿಂದಿನ ಟರ್ಮಿನಲ್‌ಗೆ ತಂತಿ ಹಾಕಿ ಓಡಿಸಿದ್ರು. ಅದನ್ನೂ ಬಿಚ್ಚದೆ ಬಿಡಲಿಲ್ಲ, ಹಿಂದಿನ ಗ್ರಿಲ್ ತೆಗೆದು ಇನ್ನೂ ತೆರೆದ ಜಾಲರಿ ಹಾಕೋದು ದೊಡ್ಡ ಫ್ಯಾಷನ್ ಆಯ್ತು. ಗಮನಿಸಿ, ಹಳೇದಕ್ಕೆ ಗಾಳಿ ತಡೆಯೋ ಕೆಲಸ, ಹೊಸದಕ್ಕೆ ಗಾಳಿ ಬಿಡೋ ಕೆಲಸ, ಎರಡೂ ಗಾಳಿಯದ್ದೇ ಜಗಳ.

ಹಳೇದು ಹೊಸದು ಹೋಲಿಸೋದ್ರಲ್ಲಿ ಜನ ಎಡವೋದು ಎರಡು ಕಡೆ. ಒಂದು ಪ್ಯಾಡ್, ಪುಡಿಯಾದ ಹಳೇ ಪ್ಯಾಡ್ ಇಟ್ಕೊಂಡು ಹೊಸದರ ಜೊತೆ ಹೋಲಿಸಿದ್ರೆ ಅದು ಯಮಹಾಗೆ ಮಾಡೋ ಅನ್ಯಾಯ. ಇನ್ನೊಂದು ವಾಲ್ಯೂಮ್, ಒಂದು ಡೆಸಿಬೆಲ್ ಜೋರಿದ್ದಿದ್ದು ಕಿವಿಗೆ ಯಾವಾಗಲೂ ಚೆನ್ನಾಗೇ ಕೇಳುತ್ತೆ. ನಾನು ಒಂದು ದಪ್ಪ ರಟ್ಟಿಗೆ ತೂತು ಕೊರೆದು ಅದರೊಳಗೆ ಸಣ್ಣ ಮೈಕ್ ಕೂರಿಸಿದೀನಿ, ಪಿಂಕ್ ನಾಯ್ಸ್ (ಶೋ ಅನ್ನೋ ಪರೀಕ್ಷೆಯ ಸದ್ದು) ಓಡಿಸಿ ಎರಡರ ಮಟ್ಟ ಒಂದೇ ಮಾಡ್ಕೊಂಡು ಆಮೇಲೆ ಕೇಳೋದು. ಇದೇನು ಲ್ಯಾಬ್ ಅಲ್ಲ, ರಟ್ಟಿಗೆ ಕಿವಿಯ ಆಕಾರ ಇಲ್ಲ, ಅದರ ಟ್ರೆಬಲ್ ಗ್ರಾಫ್ ನಂಬಬಾರದು, ಆದ್ರೆ ಫೆಲ್ಟ್ ಹಾಕೋ ಮೊದಲು ಆಮೇಲೆ ಏನು ಬದಲಾಯ್ತು, ಎಡಬಲ ಒಂದೇ ಇದೆಯಾ ಅಂತ ನೋಡೋಕೆ ಧಾರಾಳ ಸಾಕು.

ಹಾಗೆ ಮಟ್ಟ ಹಾಕಿ ಗೆಳೆಯನ ಎಚ್‌ಪಿ-1ಗೆ ಹೊಸ ಪ್ಯಾಡ್ ಹಾಕಿ, ನನ್ನ ಬಿಚ್ಚಿದ ಟಿ50ಆರ್‌ಪಿ, ಹೈಫೈಮನ್ ಕಂಪನಿಯ 'ಸುಂದರ' ಅನ್ನೋ ಮಾಡೆಲ್, ಈ ಮೂರನ್ನೂ ಒಂದು ಭಾನುವಾರ ಪೂರ್ತಿ ಕೇಳಿದ್ವಿ. ಸುಂದರ ಆಳದಲ್ಲೂ ಎತ್ತರದಲ್ಲೂ ಎರಡನ್ನೂ ಹಿಂದೆ ಹಾಕುತ್ತೆ, ಅದರಲ್ಲಿ ಮಾತೇ ಇಲ್ಲ, ವೀಣೆಯ ಮೀಟಿನ ಮೊದಲ ಚುರುಕು ಅದರಲ್ಲೇ ಸರಿಯಾಗಿ ಕೇಳಿದ್ದು. ಟಿ50ಆರ್‌ಪಿ ಬೇಸ್ ಗಟ್ಟಿ, ಮೇಲೆ ಸ್ವಲ್ಪ ಮುಚ್ಚಿದ ಬಾಗಿಲು. ಎಚ್‌ಪಿ-1ಗೆ ಟ್ರೆಬಲ್ ಬೇಗ ಇಳಿಯುತ್ತೆ, ಆಳದ ಬೇಸ್ ಕಮ್ಮಿ, ಆದ್ರೆ ಹೆಣ್ಣುದನಿಯ ಆಲಾಪನೆ ಹಾಕಿದಾಗ ಗೆಳೆಯ ಹತ್ತು ನಿಮಿಷ ಅದನ್ನ ತಲೆಯಿಂದ ತೆಗೀಲಿಲ್ಲ. ನನಗೂ ಸುಂದರಕ್ಕಿಂತ ಆ ದನಿ ಅದರಲ್ಲೇ ಹಿತ ಅನ್ನಿಸ್ತು, ಅದು ನಿಜವಾದ ದನಿಗೆ ಹತ್ತಿರ ಇದ್ದಿದ್ದಕ್ಕೋ ಟ್ರೆಬಲ್ ಕಮ್ಮಿ ಇದ್ದಿದ್ದಕ್ಕೋ ಅಂತ ಕೇಳಿದ್ರೆ ಎರಡನೇದಕ್ಕೇ ನನ್ನ ವೋಟು.

ಈಗ ಕಿವಿಯೊಳಗೆ ತೂರಿಸೋ ಇಯರ್‌ಫೋನ್‌ಗೂ ಪ್ಲೇನಾರ್ ಇಳಿದಿದೆ, 2021ರಲ್ಲಿ ಬಂದ ಸೆವೆನ್‌ಹರ್ಟ್ಜ್ ಟೈಮ್‌ಲೆಸ್‌ನಲ್ಲಿ 14.2 ಮಿಲಿಮೀಟರಿನ ಡ್ರೈವರ್, ಮೊಬೈಲಿಗೆ ಚುಚ್ಚಿ ಬಸ್ಸಲ್ಲಿ ಕೇಳಬಹುದು. ಯಮಹಾ ಕೂಡ ಸುಮ್ಮನೆ ಕೂರಲಿಲ್ಲ, 2022ರ ಕೊನೆಗೆ ವೈಎಚ್-5000ಎಸ್‌ಇ ಅಂತ ತಂದ್ರು, ಸುಮಾರು 5000 ಡಾಲರ್, ತೂಕ ಬರೀ 320 ಗ್ರಾಂ, ಹೆಸರು ಮತ್ತೆ ಆರ್ಥೋಡೈನಾಮಿಕ್. ಅದನ್ನ ಬಿಚ್ಚೋ ಧೈರ್ಯ ಯಾರಿಗೂ ಬರಲ್ಲ ಅಂತ ನಾನಂದೆ. ಗೆಳೆಯ ಅಟ್ಟದ ಎಚ್‌ಪಿ-1ನ ಸ್ಕ್ರೂ ಬಿಗೀತಾ, ಇದನ್ನೂ ಆಗ ಯಾರೂ ಬಿಚ್ಚಲ್ಲ ಅಂದ್ಕೊಂಡೇ ಮಾಡಿದ್ದು ಅಂದ.