ಕೊರೆದು ಖಾಲಿ ಮಾಡಿದ ವಾಚಿಗೆ ಬೆಲೆ ಜಾಸ್ತಿ ಯಾಕೆ?

ಪ್ರಶ್ನೆ: ಪ್ಲಾಟಿನಂ ಸ್ಕೆಲಿಟನ್ ವಾಚಿನಲ್ಲಿ ಒಳಗಿನ ಯಂತ್ರ ಆರಪಾರ ಕಾಣಲಿ ಅಂತ ಅರ್ಧ ಲೋಹ ಕೊರೆದು ತೆಗೆದಿರುತ್ತಾರೆ. ಆದರೂ ಮಾಮೂಲಿ ವಾಚಿಗಿಂತ ಬೆಲೆ ಜಾಸ್ತಿ. ಇದು ಮೋಸ ಅಲ್ವಾ?

ಅಲ್ಲ. ತುಮಕೂರಿನಲ್ಲಿ ವಾಚಿನ ಮಾತು ತೆಗೆದರೆ ಸಾಕು, ಇದೇ ಪ್ರಶ್ನೆ. 2016ರಲ್ಲಿ ಮುಚ್ಚುವವರೆಗೂ ಎಚ್‌ಎಂಟಿ ವಾಚ್ ಕಾರ್ಖಾನೆ ಇಟ್ಟುಕೊಂಡಿದ್ದ ಊರಿನವರೇ ಹೀಗೆ ಕೇಳಿದರೆ ಹೇಗೆ?

ನೀವು ಅಂದುಕೊಂಡಿರುವುದು ಕೊರೆದದ್ದು ಪ್ಲಾಟಿನಂ ಅಂತ. ಪ್ಲಾಟಿನಂ ಇರುವುದು ಹೊರಗಿನ ಕೇಸಿನಲ್ಲಿ. ಅದನ್ನು ಯಾರೂ ಮುಟ್ಟಿಲ್ಲ. ಕೊರೆದಿರುವುದು ವಾಚು ಓಡಿಸುವ ಒಳಗಿನ ಯಂತ್ರದ, ಅಂದರೆ ಮೂವ್‌ಮೆಂಟಿನ ಪ್ಲೇಟು, ಅದರ ಮೇಲಿನ ಬ್ರಿಡ್ಜು ಎಂಬ ಪಟ್ಟಿಗಳನ್ನು. ಅವು ಸಾಮಾನ್ಯವಾಗಿ ಹಿತ್ತಾಳೆ. ಮೇಲೆ ರೋಡಿಯಂ ಅಥವಾ ನಿಕ್ಕಲ್ ಲೇಪ ಇರುವುದರಿಂದ ಬೆಳ್ಳಗೆ ಹೊಳೆಯುತ್ತವೆ, ಅಷ್ಟೆ. ಎಫ್.ಪಿ. ಜೂರ್ನ್ ಎಂಬ ಕಂಪನಿ 2004ರಿಂದ ಮೂವ್‌ಮೆಂಟನ್ನೂ 18 ಕ್ಯಾರೆಟ್ ಚಿನ್ನದಲ್ಲಿ ಮಾಡುತ್ತದೆ, ನಿಜ. ಅಂಥವರು ಅಪರೂಪ. ಉಳಿದವರ ವಾಚಿನಿಂದ ಕೊರೆದು ಬಿದ್ದ ಪುಡಿಗೆ ಗುಜರಿ ಹಿತ್ತಾಳೆಯ ರೇಟೇ ಗತಿ.

ದುಡ್ಡು ಹೋಗುವುದು ಕೆಲಸಕ್ಕೆ. ಚಕ್ರಗಳನ್ನೆಲ್ಲ ಹಿಡಿದು ನಿಲ್ಲಿಸುವುದೇ ಆ ಪ್ಲೇಟು. ಒಂದು ಎಳೆ ಜಾಸ್ತಿ ಕೊರೆದರೂ ಬಾಗುತ್ತದೆ, ಚಕ್ರ ಸಾಲು ತಪ್ಪುತ್ತದೆ. ಉಳಿದ ತೆಳು ಕಂಬಗಳ ಪ್ರತಿ ಅಂಚನ್ನೂ ಇಳಿಜಾರಾಗಿ ಉಜ್ಜಿ ಹೊಳಪು ಕೊಡಬೇಕು. ತಿರುಗುವ ಟೂಲು ಒಳಮೂಲೆಯನ್ನು ದುಂಡಗೆ ಬಿಡುತ್ತದೆ. ಆ ಮೂಲೆ ಚೂಪಾಗಿ ಕಂಡರೆ ಅಲ್ಲಿ ಕೈ ಓಡಿದೆ ಅಂತಲೇ ಅರ್ಥ. ಮುಂದೆ ಯಾರಾದರೂ ಇಂಥ ವಾಚು ತೋರಿಸಿದರೆ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ) ಹಾಕಿ ಮೊದಲು ಅದನ್ನೇ ನೋಡಿ. ಗೊತ್ತಿರುವವರು ಅಂತ ಮರ್ಯಾದೆ ಸಿಗುತ್ತದೆ!

ಇಷ್ಟು ಹೇಳಿದ ಮೇಲೂ ಎಂ.ಜಿ. ರಸ್ತೆಯ ಒಡವೆ ಅಂಗಡಿ ಲೆಕ್ಕ ಬಿಡುವುದಿಲ್ಲ ಕೆಲವರು. "ಗ್ರಾಮಿಗೆ ಎಷ್ಟು ಬಿತ್ತು ಸಾರ್?" ಸರಿ, ಅದನ್ನೇ ನೋಡೋಣ. 2015ರಿಂದೀಚೆಗೆ ಪ್ಲಾಟಿನಂ ಗ್ರಾಮಿಗೆ ಚಿನ್ನಕ್ಕಿಂತ ಅಗ್ಗ. ಆದರೂ ಅದೇ ಮಾಡೆಲ್ಲು ಚಿನ್ನದಲ್ಲಿ ಬಂದರೆ ಸಾಮಾನ್ಯವಾಗಿ ಬೆಲೆ ಕಡಿಮೆ, ಪ್ಲಾಟಿನಂನಲ್ಲಿ ಜಾಸ್ತಿ. ಗ್ರಾಮಿನ ಲೆಕ್ಕ ಅಲ್ಲಿಗೇ ಬಿದ್ದುಹೋಯಿತಲ್ಲ. ಪ್ಲಾಟಿನಂ ಅಂದರೆ ಟೂಲಿಗೆ ಅಂಟಿಕೊಳ್ಳುವ ಲೋಹ, ಟೂಲು ಬೇಗ ಮೊಂಡಾಗುತ್ತದೆ, ಪಾಲಿಶ್ ಸುಲಭಕ್ಕೆ ಬರುವುದಿಲ್ಲ. ಕೇಸಿಗೆ ಬಳಸುವುದು ಸಾಮಾನ್ಯವಾಗಿ 950 ಶುದ್ಧತೆಯದು, ಅಂದರೆ ಸಾವಿರ ಪಾಲಿನಲ್ಲಿ 950 ಪ್ಲಾಟಿನಂ. 18 ಕ್ಯಾರೆಟ್ ಚಿನ್ನ ಅಂದರೆ 750. ಮೇಲಾಗಿ ಪ್ಲಾಟಿನಂ ಭಾರ, ಅದೇ ಅಳತೆಯ ಕೇಸಿಗೆ ಜಾಸ್ತಿ ಗ್ರಾಮು ಬೇಕು. ಮಾಡುವುದೂ ಕೆಲವೇ ವಾಚು.

ಇನ್ನು ಒಳಗೆ ಕಾಣುವ ಕೆಂಪು ಕಲ್ಲು. ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅದು ಮಾಣಿಕ್ಯವೇ, ಆದರೆ ಗಣಿಯದ್ದಲ್ಲ. 1902ರಲ್ಲಿ ವೆರ್ನ್ಯೂಯಿ ಎಂಬ ಫ್ರೆಂಚ್ ವಿಜ್ಞಾನಿ ಪ್ರಕಟಿಸಿದ ವಿಧಾನದಿಂದ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಕರಗಿಸಿ ಮಾಡಿದ್ದು. ಚಕ್ರದ ಅಚ್ಚು ಸವೆಯದಿರಲಿ ಅಂತ ಕೂರಿಸಿರುತ್ತಾರೆ. ಮನೆಯಲ್ಲಿರುವ ಹಳೆಯ ಎಚ್‌ಎಂಟಿ ಜನತಾದಲ್ಲಿರುವ 17 ಕಲ್ಲೂ ಇಂಥವೇ. ಮಾರಬಹುದು ಅಂತ ಸುಮ್ನೆ ಬಿಚ್ಚಬೇಡಿ, ಕೊಳ್ಳುವವರು ಸಿಗುವುದಿಲ್ಲ. ಕಲ್ಲು ಜಾಸ್ತಿ ಇದ್ದರೆ ವಾಚು ಒಳ್ಳೆಯದು ಅನ್ನುವುದೂ ಪೂರ್ತಿ ನಿಜವಲ್ಲ. ಕೀ ಕೊಡುವ ಸಾದಾ ವಾಚಿಗೆ 17 ಧಾರಾಳ. ಕೈ ಅಲ್ಲಾಟಕ್ಕೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್‌ನಲ್ಲಿ ಚಕ್ರ ಜಾಸ್ತಿ, ಅದಕ್ಕೇ ಅಲ್ಲಿ 21, 25 ಅಂತ ಬರೆದಿರುತ್ತದೆ.