ಕೊನ್ನಾರಿಗೆ ಯಾರು ಹತ್ತಿರದ ಬಂಧು? ಜೇಕುಗಳ ವಂಶಾವಳಿ ಬದಲಾದ ಬಗೆ

ಧಾರವಾಡದ ಎರೆಹೊಲದಲ್ಲಿ ಎಷ್ಟು ಕಿತ್ತರೂ ಮತ್ತೆ ಏಳುವ ಕೊನ್ನಾರಿ ಗಡ್ಡೆ. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ಪೈರಿನ ನಡುವೆ ತಲೆ ಎತ್ತುವ ಜೇಕು. ಕೆರೆ ಅಂಚಿನಲ್ಲಿ ಎಲೆಯೇ ಇಲ್ಲದೆ ಹಸಿರು ಕಡ್ಡಿಯ ಹಾಗೆ ನಿಲ್ಲುವ ಗಿಡ. ಮೂರೂ ಸೈಪರೇಸಿ, ಅಂದರೆ ಜೇಕುಗಳ ಕುಟುಂಬದವು. ಅಲ್ಲಿಯವರೆಗೆ ತಕರಾರಿಲ್ಲ. ಕುಟುಂಬದ ಒಳಗೆ ಯಾರಿಗೆ ಯಾರು ಹತ್ತಿರ ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ. ಹಳೆಯ ಸಸ್ಯಕೋಶ (ಒಂದು ಸೀಮೆಯ ಗಿಡಗಳನ್ನು ವಿವರಿಸುವ ಗ್ರಂಥ) ಒಂದು ಹೆಸರು ಹೇಳುತ್ತದೆ, ಹೊಸ ಪಟ್ಟಿ ಇನ್ನೊಂದು ಹೇಳುತ್ತದೆ. ಓದುವ ಹುಡುಗರು ಕಂಗಾಲಾಗುವುದು ಸಹಜ.

ಜೇಕು ಹುಲ್ಲಲ್ಲ. ಹೂ ಬಿಡುವ ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ಹೆಚ್ಚಿನವುಗಳಲ್ಲಿ ಮೂರು ಏಣು ಸಿಗುತ್ತವೆ. ಎಲೆಗಳೂ ಮೂರು ಸಾಲಿನಲ್ಲಿರುತ್ತವೆ. ಹುಲ್ಲಿಗೆ ಎರಡೇ ಸಾಲು. ಕುಟುಂಬದಲ್ಲಿ ಸುಮಾರು 5,500 ಜಾತಿಗಳಿವೆ. ಅವುಗಳಲ್ಲಿ 2,000ದಷ್ಟು ಕ್ಯಾರೆಕ್ಸ್ ಎಂಬ ಒಂದೇ ಕುಲದವು. ಅದು ಬಹುಪಾಲು ತಂಪು ಸೀಮೆಯ ಕುಲ, ನಮ್ಮ ಬಯಲುಸೀಮೆಯದ್ದಲ್ಲ.

1753ರಲ್ಲಿ ಲಿನ್ನೇಯಸ್ ಕೊನ್ನಾರಿಗೆ ಸೈಪರಸ್ ರೊಟಂಡಸ್ ಎಂದು ಹೆಸರಿಟ್ಟ. 1890ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ಸಿ. ಬಿ. ಕ್ಲಾರ್ಕ್ ಬ್ರಿಟಿಷ್ ಇಂಡಿಯಾದ ಜೇಕುಗಳನ್ನು ವಿಂಗಡಿಸಿದ. 1901ರಿಂದ 1908ರವರೆಗೆ ಬಂದ ಕುಕ್‌ನ ಬಾಂಬೆ ಪ್ರಾಂತ್ಯದ ಸಸ್ಯಕೋಶಕ್ಕೆ ಧಾರವಾಡ ಜಿಲ್ಲೆಯೂ ಸೇರಿತ್ತು. ಗದಗ, ಹಾವೇರಿ ಆಗ ಅದರೊಳಗೇ ಇದ್ದವು. ಆ ಕಾಲದವರ ಕೈಯಲ್ಲಿ ಇದ್ದದ್ದು ಒಂದು ಭೂತಗನ್ನಡಿ, ಒಣಗಿಸಿದ ಗಿಡ, ಅಷ್ಟೇ. ಹೂವಿನ ಹೆಣ್ಣುಭಾಗದ ದಂಟಾದ ಶಲಾಕೆಯ ತುದಿ ಎರಡಾಗಿ ಸೀಳಿದೆಯೋ ಮೂರಾಗಿ ಸೀಳಿದೆಯೋ, ಕಾಯಿ ಯಾವ ಕಡೆಯಿಂದ ಚಪ್ಪಟೆಯಾಗಿದೆ ಎಂದು ನೋಡಿ ಪೈಕ್ರಿಯಸ್, ಕಿಲ್ಲಿಂಗಾ ಎಂದು ಬೇರೆ ಬೇರೆ ಕುಲ ಮಾಡಿದರು. ಎಳ್ಳಿಗಿಂತ ಚಿಕ್ಕ ಕಾಯಿಗಳನ್ನು ಅಷ್ಟು ತಾಳ್ಮೆಯಿಂದ ನೋಡಿದವರ ಕೆಲಸ ಇವತ್ತಿಗೂ ಗಿಡ ಗುರುತಿಸಲು ಬೇಕಾಗುತ್ತದೆ.

ಆದರೆ ಗುರುತಿಸುವುದು ಬೇರೆ, ವಂಶ ಹೇಳುವುದು ಬೇರೆ. 1990ರ ದಶಕದಿಂದ ಡಿಎನ್ಎ ಹೋಲಿಕೆ ಬಂತು. ಪೈಕ್ರಿಯಸ್, ಕಿಲ್ಲಿಂಗಾ ಎರಡೂ ಸೈಪರಸ್ಸಿನ ಪಕ್ಕದ ಮನೆಯವಲ್ಲ, ಅದರ ಮಕ್ಕಳೇ ಎಂದು ಗೊತ್ತಾಯಿತು. 2010ರ ನಂತರ ಅವನ್ನೆಲ್ಲ ಸೈಪರಸ್ಸಿಗೇ ಸೇರಿಸಿದರು. 2015ರಲ್ಲಿ ಕ್ಯಾರೆಕ್ಸ್‌ಗೂ ಹೀಗೇ ಆಯಿತು. ಟಿಬೆಟ್ಟಿನ ಹುಲ್ಲುಗಾವಲುಗಳನ್ನು ತುಂಬಿರುವ ಕೊಬ್ರೇಸಿಯಾ ಅದರೊಳಗೆ ಹೋಯಿತು. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುವ ಸೀಮೆ ಅದು.

ಈ ವಿಲೀನದ ಹಿಂದೆ ಇನ್ನೊಂದು ಸಂಗತಿ ಇದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಬಿಸಿಲು ಜಾಸ್ತಿಯಾದಾಗ ಸಾಮಾನ್ಯ ಎಲೆ ಇಂಗಾಲದ ಡೈಆಕ್ಸೈಡ್ ಬದಲು ಆಗಾಗ ಆಮ್ಲಜನಕವನ್ನು ಹಿಡಿದು ನಷ್ಟ ಮಾಡಿಕೊಳ್ಳುತ್ತದೆ. ಸಿ4 ಗಿಡಗಳು ಇಂಗಾಲದ ಡೈಆಕ್ಸೈಡನ್ನು ಮೊದಲು ಒಂದು ಕಡೆ ಸಾಂದ್ರ ಮಾಡಿಕೊಂಡು ಆಮೇಲೆ ಬಳಸುತ್ತವೆ. ಜೋಳ, ಗೋವಿನಜೋಳ, ಕಬ್ಬು ಹೀಗೇ ಮಾಡುತ್ತವೆ. ಜೇಕುಗಳಲ್ಲಿ ಈ ಗುಣ ಒಂದೇ ಸಲ ಹುಟ್ಟಿದ್ದಲ್ಲ. ಸೈಪರಸ್, ಫಿಂಬ್ರಿಸ್ಟೈಲಿಸ್ ಬಳಗ, ರಿಂಕೋಸ್ಪೋರಾ, ಎಲಿಯೋಕ್ಯಾರಿಸ್ ಎಲ್ಲದರಲ್ಲೂ ಬೇರೆ ಬೇರೆಯಾಗಿ ಹುಟ್ಟಿದೆ. ಫ್ಲಾರಿಡಾದ ಎಲಿಯೋಕ್ಯಾರಿಸ್ ವಿವಿಪಾರಾ ನೀರೊಳಗಿದ್ದಾಗ ಸಾಮಾನ್ಯ ಗಿಡದಂತೆ, ದಡಕ್ಕೆ ಬಂದಾಗ ಸಿ4 ಗಿಡದಂತೆ ನಡೆದುಕೊಳ್ಳುತ್ತದೆ ಎಂದು 1988ರಲ್ಲೇ ಪ್ರಕಟವಾಗಿದೆ.

ಸೈಪರಸ್ ಒಳಗೆ ಮಾತ್ರ ಸಿ4 ಜಾತಿಗಳೆಲ್ಲ ಒಂದೇ ಮೂಲದವು. ಹಾನಗಲ್ಲಿನಂಥ ಗದ್ದೆ ಸೀಮೆಗೆ ಬಂದು ಇದನ್ನು ನೋಡಬೇಕು. ಭತ್ತದ ಕಸವಾದ ಸೈಪರಸ್ ಡಿಫಾರ್ಮಿಸ್, ಸೈಪರಸ್ ಇರಿಯಾ ಒಂದೇ ಮಡಿಯಲ್ಲಿ ಬೆಳೆಯಬಲ್ಲವು. ಡಿಫಾರ್ಮಿಸ್ ಸಿ4 ಅಲ್ಲ, ಇರಿಯಾ ಸಿ4. ಹಾಗಾಗಿ ಇರಿಯಾಕ್ಕೆ ಹತ್ತಿರದ ನಂಟು ಪಕ್ಕದ ಡಿಫಾರ್ಮಿಸ್ ಅಲ್ಲ. ಬದುವಿನ ಮೇಲೆ ಬಿಳಿ ಗುಂಡು ಹೂಗೊಂಚಲು ಬಿಡುವ ಕಿಲ್ಲಿಂಗಾ, ಒಣಹೊಲದ ಕೊನ್ನಾರಿ, ನೈಲ್ ನದಿಯ ಪಪೈರಸ್ ಅದಕ್ಕೆ ಹತ್ತಿರ. ಒಂದೇ ಜಾಗದಲ್ಲಿ ಬೆಳೆದ ಮಾತ್ರಕ್ಕೆ ಒಂದೇ ವಂಶ ಅಲ್ಲ. ಒಂದೇ ವಂಶದವೂ ಒಂದೇ ಜಾಗಕ್ಕೆ ಕಟ್ಟುಬಿದ್ದಿಲ್ಲ.

ಇದು ಸುಮ್ನೆ ಹೆಸರಿನ ಜಗಳ ಅಲ್ಲ. ಸಿ4 ಆದ್ದರಿಂದ ಕೊನ್ನಾರಿಗೆ ಬಿಸಿಲು ಬೇಕು, ನೆರಳಲ್ಲಿ ಸೊರಗುತ್ತದೆ. ಬೆಳೆ ಬೇಗ ಹೊಲ ಮುಚ್ಚಿದರೆ ಅದರ ಆಟ ಕಡಿಮೆ. ಒಮ್ಮೆ ಕುಂಟೆ ಹೊಡೆದು ಬಿಟ್ಟರೆ ಗಡ್ಡೆಗಳ ಸರಪಳಿ ತುಂಡಾಗಿ, ಒಂದೊಂದು ತುಂಡೂ ಗಿಡವಾಗುತ್ತದೆ. ಬೇಸಿಗೆಯ ಆಳ ಉಳುಮೆಯಲ್ಲಿ ಗಡ್ಡೆ ಮೇಲೆ ಬಂದು ಬಿಸಿಲಿಗೆ ಒಣಗಿದರೆ ಸಾಯುತ್ತದೆ. ಡಿಫಾರ್ಮಿಸ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಅಂಥ ಗಡ್ಡೆಯೇ ಇಲ್ಲ, ಅದು ಬೀಜದಿಂದ ಬರುತ್ತದೆ, ಒದ್ದೆ ನೆಲ ಬೇಕು. ಎರಡನ್ನೂ ಜೇಕು ಎಂದು ಒಂದೇ ಔಷಧಿ ಹೊಡೆಯುವುದರಲ್ಲಿ ದುಡ್ಡು ವ್ಯರ್ಥವಾಗಬಹುದು.

ಕೆರೆ ಅಂಚಿನ ಜಾತಿಗಳ ವಿಷಯ ಬೇರೆ. ಅವು ನೀರಿನ ಆಳಕ್ಕೆ ತಕ್ಕಂತೆ ಪಟ್ಟಿ ಪಟ್ಟಿಯಾಗಿ ನಿಲ್ಲುತ್ತವೆ. ನಿಂತ ನೀರಿನಲ್ಲಿ ಎಲಿಯೋಕ್ಯಾರಿಸ್, ಒದ್ದೆ ಕೆಸರಿನಲ್ಲಿ ಫಿಂಬ್ರಿಸ್ಟೈಲಿಸ್, ಮೇಲಿನ ಒಣ ಮರಳಿನಲ್ಲಿ ಬಲ್ಬೋಸ್ಟೈಲಿಸ್. ಇದಕ್ಕೆ ಇಳಿಜಾರಾದ ದಡ ಬೇಕು. ಕೆರೆ ಅಭಿವೃದ್ಧಿ ಎಂದರೆ ಸುತ್ತ ನೇರ ಕಲ್ಲು ಕಟ್ಟುವುದು ಎಂಬ ರೂಢಿ ಬಂದಲ್ಲಿ ಈ ಪಟ್ಟಿಗಳಿಗೆ ಜಾಗವೇ ಉಳಿಯುವುದಿಲ್ಲ. ಹೂಳೆತ್ತುವುದು ಬೇಕು, ಏರಿ ಗಟ್ಟಿಯಾಗುವುದೂ ಬೇಕು. ಆದರೆ ಒಂದು ಬದಿಯ ದಡವನ್ನಾದರೂ ಮಣ್ಣಿನ ಇಳಿಜಾರಾಗಿಯೇ ಬಿಡಬಹುದು ಅಲ್ವಾ? ಕೆಲಸ ಶುರುವಾಗುವ ಮುಂಚೆ, ಮಳೆಗಾಲ ಮುಗಿದು ಜೇಕುಗಳು ಕಾಯಿ ಬಿಟ್ಟಿರುವಾಗ, ಯಾವ ಜಾತಿ ಎಷ್ಟು ಆಳದಲ್ಲಿದೆ ಎಂದು ಬರೆದಿಟ್ಟುಕೊಳ್ಳಬಹುದು. ಸಸ್ಯಶಾಸ್ತ್ರ ಕಲಿಸುವ ಕಾಲೇಜುಗಳು ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿವೆ.